ದೃಢೀಕರಣದ ನಂತರ ಮಕ್ಕಳೆಲ್ಲಿ?



ಇಂದು ಅಕ್ಟೋಬರ್ 4, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. 1883ರಲ್ಲಿ ಇದೇ ದಿನ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಒಂದು ಮಿಷನ್ ಹಾಲಿನಲ್ಲಿ 'ಬಾಯ್ಸ್ ಬ್ರಿಗೇಡ್' ಎಂಬ ಬಾಲಕರ ದಳ ಹುಟ್ಟಿತು. ಅದು ನಮ್ಮ ಕಥೋಲಿಕ ಧರ್ಮಸಭೆಯದಲ್ಲ, ಪ್ರೊಟೆಸ್ಟೆಂಟ್ ಸಹೋದರರದು. ಆದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಕಡೆಯ ತಂದೆತಾಯಂದಿರು ನಮ್ಮಲ್ಲಿ ಹೇಳಿಕೊಳ್ಳುವ ಚಿಂತೆಯಿಂದಲೇ ಅದೂ ಹುಟ್ಟಿದ್ದು.

ಆ ಚಿಂತೆ ನಿಮಗೆ ಗೊತ್ತು. ಪ್ರಥಮ ಪರಮಪ್ರಸಾದದ ವರ್ಷ ಮಗ ಮೊದಲ ಸಾಲಿನಲ್ಲಿರುತ್ತಾನೆ. ದೃಢೀಕರಣ ಸಂಸ್ಕಾರ ಆಯಿತೋ ಇಲ್ಲವೋ, ಟ್ಯೂಷನ್, ಎಸ್.ಎಸ್.ಎಲ್.ಸಿ., ಭಾನುವಾರವೂ ಸ್ಪೆಷಲ್ ಕ್ಲಾಸ್. ಬಲಿಪೂಜೆಗೆ ಬಂದರೂ ಹೊರಗೆ ಸ್ಕೂಟರಿನ ಮೇಲೆ ಕೂತಿರುತ್ತಾನೆ.

ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಎಂಬ 28 ವರ್ಷದ ಯುವಕ ಅಂದು ಕಂಡದ್ದೂ ಇದನ್ನೇ. ಅವರು ವ್ಯಾಪಾರಿ, ಸ್ವಯಂಸೇವಕ ಸೈನ್ಯದ ಅಧಿಕಾರಿ, ಭಾನುವಾರದ ಶಾಲೆಯ ಉಪಾಧ್ಯಾಯ. ಹನ್ನೆರಡು ದಾಟಿದ ಹುಡುಗರಿಗೆ ಆ ಶಾಲೆ ಚಿಕ್ಕ ಮಕ್ಕಳದೆನಿಸುತ್ತಿತ್ತು. ದೊಡ್ಡವರ ಸಂಘಕ್ಕೆ ಸೇರಲು ವಯಸ್ಸು ಸಾಲದು. ಸೈನ್ಯದಲ್ಲಿ ಕವಾಯತಿಗೆ ಮನಸ್ಸು ಕೊಡುವ ಯುವಕರನ್ನು ನೋಡಿದ್ದ ಸ್ಮಿತ್, ಅದನ್ನೇ ಚರ್ಚಿನ ಹುಡುಗರಿಗೆ ಕಲಿಸಲು ಹೊರಟರು. ಹಿಲ್ ಎಂಬ ಸಹೋದರರಿಬ್ಬರು ಜೊತೆಯಾದರು. ಮೊದಲು ಸೇರಿದವರು 59 ಹುಡುಗರು. ಶಿಸ್ತು ಬಹಳ ಬಿಗಿ. ಹಲವರು ಬಿಟ್ಟುಹೋದರು, ಉಳಿದವರಿಂದಲೇ ಒಂದನೆಯ ಗ್ಲಾಸ್ಗೊ ಕಂಪನಿ ಬೆಳೆಯಿತು. ಸಮವಸ್ತ್ರವೆಂದರೆ ಟೋಪಿ, ಬೆಲ್ಟು, ಹೆಗಲಿಗೊಂದು ಚೀಲ. ಬಡವರ ಮನೆಯ ಹುಡುಗನೂ ತನ್ನ ಮಾಮೂಲಿ ಬಟ್ಟೆಯ ಮೇಲೇ ತೊಡಬಹುದಿತ್ತು. ಲಾಂಛನ ಲಂಗರು; ಹಿಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯದಿಂದ ಬಂದದ್ದು. 1886ರಲ್ಲಿ ಹುಡುಗರನ್ನು ಊರಾಚೆ ಶಿಬಿರಕ್ಕೂ ಕರೆದೊಯ್ದರು.

ಕವಾಯತಿಗೆ ಹುಸಿ ಬಂದೂಕು ಹಿಡಿಸಿದ್ದನ್ನು ಆ ಕಾಲದಲ್ಲೇ ಟೀಕಿಸಿದವರಿದ್ದರು. ಯುದ್ಧಕ್ಕೆ ಹೋಗಿ ಸೆರೆಸಿಕ್ಕಿ ಮರಳಿದ ಸಂತ ಫ್ರಾನ್ಸಿಸರ ಹಬ್ಬದ ದಿನ ನಮಗೂ ಅದು ಹಿಡಿಸುವುದಿಲ್ಲ. ಆದರೆ ಹುಡುಗರನ್ನು ಅಲ್ಲಿ ಉಳಿಸಿದ್ದು ಬಂದೂಕಲ್ಲ. 'ನೀನು ಬರದಿದ್ದರೆ ಸಾಲಿನಲ್ಲಿ ನಿನ್ನ ಜಾಗ ಖಾಲಿ' ಎಂದು ಹೇಳುವವರು ಒಬ್ಬರಿದ್ದರು, ಅಷ್ಟೇ. 1893ರಲ್ಲಿ ಡಬ್ಲಿನ್‌ನಲ್ಲಿ ಹುಡುಗಿಯರಿಗೂ ದಳ ಬಂತು. 1896ರಲ್ಲಿ ಲಂಡನ್ನಿನ ಬರ್ಮಂಡ್ಸಿಯಲ್ಲಿ ಕಥೋಲಿಕ ಗುರುಗಳೊಬ್ಬರು ನಮ್ಮ ಮಕ್ಕಳಿಗೂ ಒಂದನ್ನು ಕಟ್ಟಿದರು. 1907ರಲ್ಲಿ ಬೇಡನ್ ಪೊವೆಲ್ ನಡೆಸಿದ ಮೊದಲ ಸ್ಕೌಟ್ ಶಿಬಿರದಲ್ಲಿ ಸ್ಮಿತ್‌ರ ದಳದ ಹುಡುಗರೂ ಇದ್ದರು.

ಕಳೆದ ತಿಂಗಳು ಮರಿಯಮ್ಮನವರ ಹಬ್ಬಕ್ಕೆ ಶಿವಾಜಿನಗರಕ್ಕೆ ನಡೆದು ಹೋದಾಗ ಸಾಲು ಕಾಯ್ದವರು, ಅಜ್ಜಿಯಂದಿರ ಕೈಹಿಡಿದು ರಸ್ತೆ ದಾಟಿಸಿದವರು ಯಾರು? ಸ್ಕೂಟರಿನ ಮೇಲೆ ಕೂರುವ ಇದೇ ಹುಡುಗರು. ಯಾರೂ ಬೈದು ಕರೆದಿರಲಿಲ್ಲ, ಕೆಲಸ ಕೊಟ್ಟಿದ್ದರು.

1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಕ್ರಿಸ್ಮಸ್ ಗೋದಲಿಯ ಸಂಪ್ರದಾಯಕ್ಕೆ ನಾಂದಿ ಹಾಡಿದವರು ಸಂತ ಫ್ರಾನ್ಸಿಸರೇ. ಈ ಸಲದ ನಮ್ಮ ಗೋದಲಿಯನ್ನು ಒಂಬತ್ತು, ಹತ್ತನೆಯ ತರಗತಿಯ ಹುಡುಗ ಹುಡುಗಿಯರಿಗೇ ವಹಿಸೋಣ. ಸಾಮಾನು ಕೋಣೆಯ ಬೀಗದ ಕೈ, ಲೆಕ್ಕದ ಪುಸ್ತಕ ಎರಡೂ ಅವರ ಕೈಯಲ್ಲೇ ಇರಲಿ. ಹುಲ್ಲು ಸೊಟ್ಟಗಾದರೂ ಹಿರಿಯರು ಕೈಹಾಕುವುದು ಬೇಡ. ಬಲಿಪೂಜೆಯ ನಂತರ ಹೆಸರು ಬರೆಸಿ. ಮೊದಲ ಸಭೆ ಬರುವ ಭಾನುವಾರ ಸಂಜೆ ಐದಕ್ಕೆ, ಐದೆಂದರೆ ಐದಕ್ಕೇ.