ತೊಟ್ಟಿಲ ಬಳಿಯ ಹೊಗೆ
(ಬಂಕಾಪುರದಲ್ಲಿ ಮಾಡಿದ ಭಾಷಣದ ಸಾರ)



ನಮ್ಮ ಬಂಕಾಪುರದಂತಹ ಊರುಗಳಲ್ಲಿ ಬೀಡಿ ಸೇದುವ ಬಾಣಂತಿಯರು ವಿರಳ. ಆದರೆ ನಾವು ನಿಶ್ಚಿಂತರಾಗುವಂತಿಲ್ಲ. ಎಲೆ-ಅಡಿಕೆಯೊಡನೆ ತಂಬಾಕು ಜಗಿಯುವ ತಾಯಂದಿರು ನಮ್ಮ ನಡುವೆ ಇದ್ದಾರೆ. ತೊಟ್ಟಿಲ ಪಕ್ಕದಲ್ಲೇ ಬೀಡಿ ಹಚ್ಚುವ ಗಂಡಸರೂ ಇದ್ದಾರೆ.

ಸೇದಿದರೂ ಜಗಿದರೂ ನಿಕೋಟಿನ್ ರಕ್ತವನ್ನು ಸೇರಿ, ಎದೆಹಾಲಿಗೆ ಇಳಿಯುತ್ತದೆ. ರಕ್ತದಲ್ಲಿರುವುದಕ್ಕಿಂತ ಹಾಲಿನಲ್ಲೇ ಅದರ ಪ್ರಮಾಣ ಹೆಚ್ಚು. ಇದರಿಂದ ಹಾಲು ಕಡಿಮೆಯಾಗಬಹುದು, ಕೂಸಿನ ನಿದ್ರೆ ಕೆಡುತ್ತದೆ. ಮನೆಯೊಳಗಿನ ಹೊಗೆಯಂತೂ ಹಸುಳೆಗೆ ನ್ಯುಮೋನಿಯಾ, ಕಿವಿಯ ಸೋಂಕು ಹಾಗೂ ನಿದ್ರೆಯಲ್ಲೇ ಹಠಾತ್ ಸಾವಿನ ಅಪಾಯವನ್ನು ಹೆಚ್ಚಿಸುತ್ತದೆ.

ಹಾಗೆಂದು ಎದೆಹಾಲು ಬಿಡಿಸಿ ಡಬ್ಬಿ ಹಾಲು ಕೊಡಬಾರದು. ಚಟ ಬಿಡಲಾಗದ ತಾಯಿಯೂ ಹಾಲೂಡಿಸುವುದೇ ಮೇಲೆಂಬುದು ವೈದ್ಯರ ಸಲಹೆ. ಬಿಡುವವರೆಗೆ, ಹಾಲೂಡಿಸುವ ಮುನ್ನ ತಂಬಾಕು ಮುಟ್ಟದಿರಲಿ. ಹಾಲಿನಲ್ಲಿ ನಿಕೋಟಿನ್ ಅರ್ಧಕ್ಕಿಳಿಯಲು ಸುಮಾರು ಒಂದೂವರೆ ಗಂಟೆ ಬೇಕು.

ತಾಯಿಯನ್ನಷ್ಟೇ ದೂಷಿಸಿ ಗಂಡಸರು ಪಾರಾಗಲಾರರು. ಪವಿತ್ರ ಕುರ್‌ಆನ್ (2:233) ಎರಡು ವರ್ಷಗಳ ಸ್ತನ್ಯಪಾನವನ್ನು ಪ್ರಸ್ತಾಪಿಸುವಾಗಲೇ ತಾಯಿಯ ಅನ್ನ-ವಸ್ತ್ರದ ಹೊಣೆಯನ್ನು ತಂದೆಗೆ ವಹಿಸಿದೆ. ಮಗುವಿನ ಉಸಿರಿನ ಹೊಣೆ ಅವನದಲ್ಲವೇ? 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮಗಳು ಬಿಗಿಯಾದವು. ಬಸ್ ನಿಲ್ದಾಣದಲ್ಲಿ ದಂಡಕ್ಕಂಜಿ ಆರಿಸಿದ ಬೀಡಿಯನ್ನು ಮನೆಯಲ್ಲಿ ಹಸುಳೆಯೆದುರು ಹಚ್ಚುವುದು ಎಂಥ ನ್ಯಾಯ?

ಬಿಡಲಿಚ್ಛಿಸುವವರು 1800-11-2356ಕ್ಕೆ ಕರೆ ಮಾಡಿದರೆ ಉಚಿತ ಸಲಹೆ ದೊರೆಯುತ್ತದೆ. ಬಾಣಂತಿಯಿರುವ ಮನೆಯ ಹೊಸ್ತಿಲೊಳಗೆ ತಂಬಾಕು ಬಾರದಂತೆ ನಾವೆಲ್ಲರೂ ಇಂದೇ ನಿಶ್ಚಯಿಸೋಣ.