ನೀರು ದೇವರದು, ಕಾಲುವೆ ನಮ್ಮದು
(ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ)



ಇಂದು ನಮ್ಮೆಲ್ಲರ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ತುಂಗಭದ್ರೆಯ ದಡದ ಹರಿಹರದಲ್ಲಿ ಆರೋಗ್ಯ ಮಾತೆಯ ಮಹೋತ್ಸವ. ಈಗ ಬೆಸಿಲಿಕ ಎಂಬ ಗೌರವ ಪಡೆದಿರುವ ಆ ಪುಣ್ಯಕ್ಷೇತ್ರಕ್ಕೆ ನಮ್ಮ ಶಿವಮೊಗ್ಗ ಧರ್ಮಕ್ಷೇತ್ರದ ಮೂಲೆಮೂಲೆಗಳಿಂದ, ಹೊರಗಿನಿಂದಲೂ, ಜಾತಿ ಮತ ಎಣಿಸದೆ ಜನ ಬರುತ್ತಾರೆ. ಒಬ್ಬರಿಗೆ ಮಗಳ ಮದುವೆಯ ಚಿಂತೆ, ಇನ್ನೊಬ್ಬರಿಗೆ ಸಾಲದ ಚಿಂತೆ, ಮತ್ತೊಬ್ಬರ ಮನೆಯಲ್ಲಿ ವಾಸಿಯಾಗದ ಕಾಯಿಲೆ. ಮೇಣದ ಬತ್ತಿ ಹಚ್ಚಿ, ಹರಕೆ ಒಪ್ಪಿಸಿ, ಕಣ್ಣೊರೆಸಿಕೊಂಡು ಹೋಗುತ್ತಾರೆ. ಹಬ್ಬ ಮುಗಿದ ಮೇಲೆ ಕೆಲವರು ನಮ್ಮ ಬಳಿ ಬಂದು ಒಂದು ಪ್ರಶ್ನೆ ಕೇಳುವುದುಂಟು: "ಫಾದರ್, ದೇವರು ಕೊಡುತ್ತೇನೆಂದು ಮಾತು ಕೊಟ್ಟಿದ್ದಾರೆ. ನಮಗೇಕೆ ಇನ್ನೂ ಸಿಕ್ಕಿಲ್ಲ? ನಾವು ಏನು ಮಾಡಬೇಕಿತ್ತು?"

ಈ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಎರಡು ತಪ್ಪು ಉತ್ತರಗಳನ್ನು ಕೊಟ್ಟುಕೊಳ್ಳುತ್ತೇವೆ. ಮೊದಲನೆಯದು ವ್ಯಾಪಾರ: ಇಷ್ಟು ಜಪಸರ, ಇಷ್ಟು ಉಪವಾಸ, ಇಷ್ಟು ಕಾಣಿಕೆ ಕೊಟ್ಟರೆ ದೇವರು ಇಷ್ಟು ಕೊಡಲೇಬೇಕು ಎಂಬ ಲೆಕ್ಕ. ಎರಡನೆಯದು ಸೋಮಾರಿತನ: ಎಲ್ಲ ದೇವರ ಚಿತ್ತ, ನಮ್ಮದೇನೂ ಇಲ್ಲ ಎಂದು ಕೈಕಟ್ಟಿ ಕೂರುವುದು. ಸರಿಯಾದ ಉತ್ತರವನ್ನು ನಮಗೆ ಕಲಿಸಿದ್ದು ಸೆಮಿನರಿಯ ಪುಸ್ತಕವಲ್ಲ. ಕುಕ್ಕುವಾಡದ ಕಡೆಯ ಒಬ್ಬ ಹಿರಿಯ ರೈತರು.

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡವನ್ನು ನೀವೆಲ್ಲ ಬಲ್ಲಿರಿ. ಸಕ್ಕರೆ ಕಾರ್ಖಾನೆಯ ಊರು. ಸುತ್ತಮುತ್ತ ಭತ್ತ, ಕಬ್ಬು, ಅಡಿಕೆ. ಅಲ್ಲಿನ ಹಸಿರೆಲ್ಲ ಭದ್ರೆಯ ಕೃಪೆ. ಆ ನೀರು ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಲಕ್ಕವಳ್ಳಿಯ ಜಲಾಶಯದಲ್ಲಿ ನಿಂತು, ಬಲದಂಡೆ ನಾಲೆಯಲ್ಲಿ ಬಹುದೂರ ಹರಿದು ನಮ್ಮ ಬಯಲಿಗೆ ಬರುತ್ತದೆ. ಕೆಲವು ವರ್ಷಗಳ ಹಿಂದೆ, ನಾಲೆಗೆ ನೀರು ಬಿಡುವ ಮುಂಚಿನ ವಾರ, ಮನೆ ಭೇಟಿಗೆಂದು ಆ ಕಡೆ ಹೋಗಿದ್ದೆವು. ಬೆಳಗ್ಗೆ ಏಳು ಗಂಟೆಗೆ ಆ ಹಿರಿಯರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಹೊಲಗಾಲುವೆಯ ಹೂಳು ಎತ್ತುತ್ತಿದ್ದರು.

"ಏನು ಯಜಮಾನರೇ, ಇಷ್ಟು ಬೇಗ?" ಎಂದೆವು.

"ನೀರು ಬಿಡ್ತಾರೆ ಅಂತ ಪೇಪರ್‌ನಾಗೆ ಬಂದೈತೆ ಫಾದರ್. ಪೇಪರ್‌ನಾಗಿನ ನೀರು ತಾನಾಗೇ ಗದ್ದೆಗೆ ಬರಲ್ಲ. ಕಾಲುವೆ ನಾವೇ ತೋಡ್ಬೇಕು" ಎಂದರು.

ಪ್ರಿಯರೇ, ಆ ರೈತರು ಮಳೆ ಸುರಿಸಲಿಲ್ಲ, ನದಿ ಹರಿಸಲಿಲ್ಲ, ಅಣೆಕಟ್ಟು ಕಟ್ಟಲಿಲ್ಲ. ಕಾಲುವೆ ತೋಡಿದ್ದರಿಂದ ನೀರಿನ ಬೆಲೆ ಕೊಟ್ಟಂತೆಯೂ ಆಗಲಿಲ್ಲ. ಆದರೆ ತೋಡದೆ ಹೋಗಿದ್ದರೆ, ನಾಲೆ ತುಂಬಿ ಹರಿದರೂ ಅವರ ಗದ್ದೆ ಒಣಗುತ್ತಿತ್ತು. ವಿಶ್ವಾಸಿಯ ಪಾಲು ಎಂದರೆ ಇದೇ. ದೇವರ ವಾಗ್ದಾನವನ್ನು ನಾವು ಸಂಪಾದಿಸುವುದಿಲ್ಲ, ಸ್ವೀಕರಿಸುತ್ತೇವೆ. ಸ್ವೀಕರಿಸುವುದೂ ಒಂದು ಕೆಲಸ. ನಮ್ಮನ್ನು ಕೇಳದೆಯೇ ನಮ್ಮನ್ನು ಸೃಷ್ಟಿಸಿದ ದೇವರು, ನಮ್ಮ ಒಪ್ಪಿಗೆಯಿಲ್ಲದೆ ನಮ್ಮನ್ನು ರಕ್ಷಿಸುವುದಿಲ್ಲ ಎಂಬುದು ಸಂತ ಅಗಸ್ಟೀನರ ಬೋಧನೆ.

ಅರಸರ ಎರಡನೇ ಗ್ರಂಥದ ಮೂರನೇ ಅಧ್ಯಾಯವನ್ನು ಮನೆಗೆ ಹೋಗಿ ಓದಿರಿ. ಮೂವರು ಅರಸರು ದಂಡು ಕಟ್ಟಿಕೊಂಡು ಏಳು ದಿನ ಮರಳುಗಾಡಿನಲ್ಲಿ ನಡೆದರು. ಸೈನ್ಯಕ್ಕೂ ನೀರಿಲ್ಲ, ದನಕರುಗಳಿಗೂ ನೀರಿಲ್ಲ. ಪ್ರವಾದಿ ಎಲೀಷನ ಬಳಿ ಬಂದರು. ಆತ ಹೇಳಿದ್ದೇನು? ಒಣಗಿದ ಈ ಕಣಿವೆಯಲ್ಲೆಲ್ಲ ಕಾಲುವೆ ತೋಡಿರಿ; ಗಾಳಿಯೂ ಕಾಣದು, ಮಳೆಯೂ ಕಾಣದು, ಆದರೂ ಕಣಿವೆ ತುಂಬುವುದು ಎಂದ. ಮೋಡವಿಲ್ಲದ ಆಕಾಶದ ಕೆಳಗೆ, ಬಾಯಾರಿದವರು ಗುದ್ದಲಿ ಹಿಡಿಯುವುದೆಂದರೆ ಸುಲಭದ ಮಾತೇ? ಮರುದಿನ ಬೆಳಗ್ಗೆ ಎದೋಮಿನ ಕಡೆಯಿಂದ ನೀರು ಹರಿದು ಬಂತು. ವಿಶ್ವಾಸ ಎಂದರೆ ನೀರು ಕಂಡ ಮೇಲೆ ಕುಣಿಯುವುದಲ್ಲ; ನೀರು ಕಾಣುವ ಮುಂಚೆ ತೋಡುವುದು.

ಇಂದಿನ ಶುಭಸಂದೇಶದಲ್ಲಿ ಸಂತ ಮತ್ತಾಯರು ಒಂದು ವಂಶಾವಳಿಯನ್ನು ಕೊಡುತ್ತಾರೆ. ಹೆಸರುಗಳ ಪಟ್ಟಿ ಓದುವಾಗ ನಿಮಗೆ ಆಕಳಿಕೆ ಬಂದಿರಬಹುದು. ಆದರೆ ಅದು ವಾಗ್ದಾನ ಹರಿದು ಬಂದ ಕಾಲುವೆ. ಅಬ್ರಹಾಮರಿಗೆ ಕೊಟ್ಟ ಮಾತು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂತು. ದಾರಿಯಲ್ಲಿ ಹೂಳು ಎಷ್ಟೋ ಇತ್ತು: ದಾವೀದನ ಪಾಪವಿತ್ತು, ಬಾಬಿಲೋನಿನ ಸೆರೆಯಿತ್ತು. ಪರದೇಶದಿಂದ ಬಂದ ಬಡ ವಿಧವೆ ರೂತಳೂ ಆ ಕಾಲುವೆಗೆ ದಾರಿ ಕೊಟ್ಟವಳು. ಕೊನೆಗೆ ನಜರೇತಿನ ಒಬ್ಬ ಕನ್ಯೆಯ ಮನೆಯ ಬಾಗಿಲಿಗೆ ವಾಗ್ದಾನ ಬಂದು ನಿಂತಿತು. ದೇವರು ಅಪ್ಪಣೆ ಮಾಡಲಿಲ್ಲ, ಒಪ್ಪಿಗೆಗಾಗಿ ಕಾದರು. ಮರಿಯಮ್ಮನವರು ಆಗಲಿ ಎಂದರು. ಆ ಒಂದು ಮಾತಿನಿಂದ ಇಮ್ಮಾನುವೇಲ್, ನಮ್ಮೊಡನೆ ಇರುವ ದೇವರು, ಮನುಷ್ಯರಾದರು.

ಇಲ್ಲಿ ಒಂದು ಕಷ್ಟದ ಮಾತನ್ನು ಹೇಳದೆ ಮುಂದೆ ಹೋದರೆ ನಾವು ನಿಮಗೆ ಮೋಸ ಮಾಡಿದಂತೆ. 2023ರ ಮಳೆಗಾಲ ನೆನಪಿದೆಯಲ್ಲವೇ? ಮಳೆ ಕೈಕೊಟ್ಟಿತು, ಭದ್ರಾ ಜಲಾಶಯ ತುಂಬಲಿಲ್ಲ, ನಾಲೆಯ ನೀರಿಗಾಗಿ ದಾವಣಗೆರೆಯಲ್ಲಿ ರೈತರು ಬೀದಿಗಿಳಿದರು. ಕಾಲುವೆ ತೋಡಿದವರ ಗದ್ದೆಯೂ ಒಣಗಿತು. ಹಾಗೆಯೇ ನಮ್ಮಲ್ಲಿ ಕೆಲವರು ಪೂರ್ಣ ವಿಶ್ವಾಸದಿಂದ ಬೇಡಿಕೊಂಡರು. ಆದರೂ ಮಗುವನ್ನು ಮಣ್ಣಿಗೆ ಇಟ್ಟು ಬಂದರು. ಅಂಥವರಿಗೆ 'ನಿಮ್ಮ ವಿಶ್ವಾಸ ಸಾಲದು' ಎಂದು ಯಾರಾದರೂ ಹೇಳಿದರೆ ಅದು ಶುಭಸಂದೇಶವಲ್ಲ, ಗಾಯದ ಮೇಲಿನ ಬರೆ.

ದೇವರು ನಮಗೆ ಪ್ರತಿ ವರ್ಷ ಒಳ್ಳೆಯ ಬೆಳೆ ಕೊಡುತ್ತೇನೆ, ಕಾಯಿಲೆಯೇ ಬರದಂತೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಿಲ್ಲ. ಅವುಗಳನ್ನು ಬೇಡಬಹುದು, ಬೇಡಬೇಕು. ತಾಯಿಯ ಮುಂದೆ ಅಳಲೂಬಹುದು. ಆದರೆ ಅವರು ಕೊಟ್ಟ ಮಾತು ಇನ್ನೂ ದೊಡ್ಡದು: ಪಾಪಕ್ಷಮೆ, ಪವಿತ್ರಾತ್ಮರ ವರ, ಲೋಕಾಂತ್ಯದವರೆಗೂ ನಮ್ಮ ಜೊತೆಗಿರುವ ಕ್ರಿಸ್ತರು, ಮರಣದಾಚೆಗಿನ ಜೀವ. ಮರಿಯಮ್ಮನವರನ್ನೇ ನೋಡಿರಿ. ಮಗನಿಗೆ ದಾವೀದನ ಸಿಂಹಾಸನ ಸಿಗುವುದೆಂದು ದೂತ ಹೇಳಿದ್ದ. ತಾಯಿ ಕಂಡದ್ದು ಶಿಲುಬೆಯನ್ನು. ಆದರೂ ಅವರು ಅಲ್ಲಿಂದ ಓಡಲಿಲ್ಲ, ನಿಂತರು. ಆಮೇಲೆ ಮೇಲುಪ್ಪರಿಗೆಯಲ್ಲಿ ಶಿಷ್ಯರ ಜೊತೆ ಕುಳಿತು, ತಂದೆಯ ವಾಗ್ದಾನಕ್ಕಾಗಿ ಪ್ರಾರ್ಥಿಸುತ್ತಾ ಕಾದರು. ಪಂಚಾಶತ್ತಮದ ದಿನ ಅದು ಸುರಿಯಿತು. ಜಲಾಶಯ ಬರಿದಾಗಬಹುದು; ದೇವರ ಪ್ರೀತಿ ಬರಿದಾಗುವುದಿಲ್ಲ.

ಹಾಗಾದರೆ ನಮ್ಮ ಪಾಲಿನ ಕೆಲಸ ಯಾವುದು? ಮೂರು ಮಾತು ಹೇಳುತ್ತೇವೆ.

ಮೊದಲನೆಯದು, ಹೂಳು ತೆಗೆಯುವುದು. ಹೂಳು ಒಂದೇ ದಿನ ತುಂಬುವುದಿಲ್ಲ, ದಿನಕ್ಕೊಂದು ಹಿಡಿಯಂತೆ ಕೂರುತ್ತದೆ. ಪಾಪನಿವೇದನೆಗೆ ಹೋಗದೆ ಎಷ್ಟು ವರ್ಷವಾಯಿತು? ಇಂದೇ ಲೆಕ್ಕ ಹಾಕೋಣ.

ಎರಡನೆಯದು, ಕಾಲುವೆಯನ್ನು ದಿನವೂ ನೋಡಿಕೊಳ್ಳುವುದು. ಹರಿಹರದ ಹಬ್ಬಕ್ಕೆ ವರ್ಷಕ್ಕೊಮ್ಮೆ ಹೋಗಿ ಬಂದು, ಭಾನುವಾರದ ಬಲಿಪೂಜೆಗೆ ಬೆನ್ನು ತಿರುಗಿಸಿದರೆ ಹೇಗೆ? ಸಂಜೆ ಟಿ.ವಿ. ಆರಿಸಿ, ಮೊಬೈಲ್ ಬದಿಗಿಟ್ಟು, ಮನೆಯವರೆಲ್ಲ ಕೂಡಿ ಜಪಸರ ಹೇಳುವ ಹದಿನೈದು ಇಪ್ಪತ್ತು ನಿಮಿಷ ನಮ್ಮ ಬಳಿ ಇಲ್ಲವೇ?

ಮೂರನೆಯದು, ನೀರನ್ನು ಮುಂದಕ್ಕೆ ಬಿಡುವುದು. ನಾಲೆಯ ಕೊನೆ ಭಾಗದ ರೈತನ ಸಂಕಟ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲಿನವರು ತಡೆದರೆ ಕೆಳಗಿನವರಿಗೆ ಇಲ್ಲ. ಆ ದಿನ ಹಿರಿಯ ರೈತರು ತಮ್ಮ ಗದ್ದೆಯ ಗಡಿಯವರೆಗೆ ತೋಡಿ ಗುದ್ದಲಿ ಕೆಳಗಿಟ್ಟರು. "ಅಲ್ಲಿಂದಾಚೆಗೆ?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ತಮ್ಮಂದು ಫಾದರ್" ಎಂದರು. ಆಸ್ತಿ ಪಾಲಾದಾಗಿನಿಂದ ಅಣ್ಣ ತಮ್ಮಂದಿರ ನಡುವೆ ಮಾತಿರಲಿಲ್ಲ. ನಾವೂ ಏನೂ ಹೇಳಲಿಲ್ಲ, ಪ್ರಾರ್ಥಿಸಿ ಬಂದೆವು. ನಾಲೆಗೆ ನೀರು ಬಂದ ಮೇಲೆ ಮತ್ತೆ ಆ ದಾರಿಯಲ್ಲಿ ಹೋದಾಗ ನೋಡಿದರೆ ಗಡಿಯ ಆಚೆಗೂ ಬದುವಿನ ಮೇಲೆ ಹೊಸ ಮಣ್ಣು ಬಿದ್ದಿತ್ತು. ತಮ್ಮನ ಗದ್ದೆಯಲ್ಲೂ ನೀರು ನಿಂತಿತ್ತು. ಯಾರು ತೋಡಿದರೆಂದು ನಾವು ಕೇಳಲಿಲ್ಲ. ಕ್ಷಮೆ ಬೇಡುವವನು ಕ್ಷಮಿಸಬೇಕೆಂದು ಪ್ರಭು ಕಲಿಸಿದ ಪ್ರಾರ್ಥನೆ ಆ ಕಾಲುವೆಯಲ್ಲಿ ಹರಿಯುತ್ತಿತ್ತು.

ಪ್ರಿಯರೇ, ದೇವರ ಎಲ್ಲ ವಾಗ್ದಾನಗಳಿಗೂ ಕ್ರಿಸ್ತರಲ್ಲಿ 'ಹೌದು' ಎಂಬ ಉತ್ತರ ಸಿಕ್ಕಿದೆ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆಯುತ್ತಾರೆ. 'ಆಮೆನ್' ಎನ್ನುವುದು ನಮ್ಮ ಪಾಲಿಗೆ ಬಿಟ್ಟದ್ದು. ಇನ್ನು ಸ್ವಲ್ಪ ಹೊತ್ತಿಗೆ ಪರಮಪ್ರಸಾದ ಸ್ವೀಕರಿಸುವಾಗ ಕೈ ಚಾಚಿ ಆ ಮಾತನ್ನು ಹೇಳುತ್ತೇವೆ. ಹೇಳುವ ಮುಂಚೆ ಒಂದು ಕ್ಷಣ ನೆನೆಯೋಣ: ನಮ್ಮ ಕಾಲುವೆ ಯಾರ ಗಡಿಯಲ್ಲಿ ನಿಂತಿದೆ? ಈ ಹಬ್ಬದ ವಾರ ಮುಗಿಯುವುದರೊಳಗೆ ಅವರ ಮನೆಯ ಬಾಗಿಲು ತಟ್ಟೋಣ. ತಾಯಿ ಮರಿಯಮ್ಮನವರಿಗೆ ನಾವು ಕೊಡುವ ಹುಟ್ಟುಹಬ್ಬದ ಕಾಣಿಕೆ ಅದೇ ಆಗಲಿ.

ಆರೋಗ್ಯ ಮಾತೆಯೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.