ಹಳೆಯ ಕರಡಿಗೆಯ ಕುಲಗೋತ್ರ
(ಹೈದರಾಬಾದಿನ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಈ ನಗರಕ್ಕೆ ಬಂದ ನಮ್ಮ ಮನೆತನಗಳು ಮಾತನ್ನು ತಂದಂತೆ ಕೆಲವು ಹಳೆಯ ಸಾಮಾನುಗಳನ್ನೂ ತಂದವು. ಅಟ್ಟದ ಮೂಲೆಯಲ್ಲಿ ಕುಳಿತಿರುವ ಎಲೆಅಡಿಕೆಯ ಕಪ್ಪು ಕರಡಿಗೆ ಅಂಥವುಗಳಲ್ಲೊಂದು. ಮೈಮೇಲೆ ಬೆಳ್ಳಿಯ ಹೂಬಳ್ಳಿ. ಹಿರಿಯರು ತೀರಿಕೊಂಡ ಮೇಲೆ ಅದನ್ನು ಕೆಲವರು ಕಬ್ಬಿಣವೆಂದು ಹಳೆಯ ಸಾಮಾನಿನವನ ತಕ್ಕಡಿಗೆ ಹಾಕುತ್ತಾರೆ. ಕೆಲವರು ಕೊಳೆಯೆಂದು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಎರಡರಿಂದಲೂ ಹೋದದ್ದು ಮರಳಿ ಬಾರದು. ಆದುದರಿಂದ ಅದರ ಲೋಹ ಯಾವುದು, ಊರು ಯಾವುದು ಎಂದು ಗುರುತಿಸುವ ಬಗೆಯನ್ನು ಇಂದು ವಿಚಾರಿಸೋಣ.

ಮೊದಲು ಲೋಹ. ಬಿದರಿಯ ಒಡಲು ಕಬ್ಬಿಣವಲ್ಲ, ಸತು. 16 ಪಾಲು ಸತುವಿಗೆ 1 ಪಾಲು ತಾಮ್ರ ಕೂಡಿಸಿ ಎರಕ ಹೊಯ್ಯುವುದು ವಾಡಿಕೆ. ಎರಕವನ್ನು ಅರದಿಂದ ನಯಮಾಡಿ, ಗೆರೆ ಎದ್ದು ಕಾಣಲೆಂದು ಮೈಲುತುತ್ತದ ನೀರು ಸವರಿ, ಚಿತ್ರ ಗೀರಿ, ಉಳಿಯಿಂದ ತೋಡು ಕೊರೆದು, ಅದರಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಬಳಿದ ಬಣ್ಣವಲ್ಲ, ಕೊಳೆಯಂತೂ ಅಲ್ಲ. ಕುಶಲಕರ್ಮಿಯ ಕೊನೆಯ ಕೈಕೆಲಸ ಅದು. ಹುಳಿ ತಿಂದುಹಾಕುವುದು ಅದನ್ನೇ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಮೂರು ಉಂಟು. ಒಂದು, ಕರಡಿಗೆಗೆ ಸೂಜಿಗಲ್ಲು ಹಿಡಿಯಿರಿ. ಅಂಟಿಕೊಂಡರೆ ಒಡಲು ಕಬ್ಬಿಣ ಅಥವಾ ಉಕ್ಕು. ಸಿಯಾಲ್‌ಕೋಟ, ಉದಯಪುರಗಳ ಕಡೆಯ ಕೋಫ್ತಗಾರಿ ಎಂಬ ಕೆಲಸ ಅಂಥದು. ಅಲ್ಲಿ ಉಕ್ಕಿನ ಮೈಯನ್ನು ಅಡ್ಡಡ್ಡ ಗೀರಿ ತರಿಮಾಡಿ ಅದರ ಮೇಲೆ ಚಿನ್ನ ಬೆಳ್ಳಿಗಳ ತಂತಿಯನ್ನು ಬಡಿದಿರುತ್ತಾರೆ. ಬಿದರಿಗೆ ಸೂಜಿಗಲ್ಲು ಅಂಟದು. ಎರಡು, ತಳದಲ್ಲಿ ಕಪ್ಪು ಸವೆದ ಜಾಗ ನೋಡಿರಿ. ಬೂದುಬಣ್ಣ ಕಂಡರೆ ಸತುವಿನ ಸುಳಿವು. ಹಳದಿ ಕಂಡರೆ ಹಿತ್ತಾಳೆ. ಮುರಾದಾಬಾದಿನ ಹಿತ್ತಾಳೆ ಕೆಲಸದಲ್ಲಿ ಕೊರೆದ ತೋಡಿಗೆ ಕಪ್ಪು ಅರಗು ತುಂಬುವುದುಂಟು. ಅರಗು ಚಕ್ಕೆಯಾಗಿ ಏಳುತ್ತದೆ, ಬಿದರಿಯ ಕಪ್ಪು ಏಳದು. ಮೂರು, ಬೆಳ್ಳಿ ಕಳಚಿದ ಕಡೆ ನೋಡಿರಿ. ಬಿದರಿಯಾದರೆ ಕೊರೆದ ತೋಡು ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಊರಿನ ಮಾತು. ಇಲ್ಲಿ ಅಭಿಮಾನ ತುಸು ತಡೆದು ನಿಲ್ಲಬೇಕು. ಬಿದರಿಗೆ ಹೆಸರು ಬೀದರದ್ದೇ. ಆದರೆ ಬಿದರಿಯೆಲ್ಲ ಬೀದರದ್ದಲ್ಲ. ಲಖನೌ, ಮುರ್ಷಿದಾಬಾದ, ಬಿಹಾರದ ಪೂರ್ಣಿಯಾಗಳಲ್ಲಿಯೂ ಈ ಕೆಲಸ ನಡೆಯಿತು. ಬೆಳ್ಳಿಯ ಚಿತ್ರ ಮೈಯಿಂದ ಮೇಲಕ್ಕೆ ಉಬ್ಬಿ ನಿಂತಿದ್ದರೆ, ಅದರಲ್ಲಿ ಜೋಡಿ ಮೀನುಗಳಿದ್ದರೆ, ಲಖನೌವನ್ನು ನೆನೆಯಬೇಕು. ಲೋಹ ಕಸುಬನ್ನು ಹೇಳುತ್ತದೆ, ಊರನ್ನು ಹೇಳಲಾರದು. ಊರನ್ನು ಹೇಳಬಲ್ಲದ್ದು ಚಿತ್ರದ ರೀತಿ ಮತ್ತು ಮನೆಯವರ ನೆನಪು. ಚಿತ್ರವನ್ನು ಹೋಲಿಸಿ ನೋಡಲು ಈ ನಗರದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಬಿದರಿಯ ಒಳ್ಳೆಯ ಸಂಗ್ರಹವೇ ಇದೆ.

ಕಂಡ ಕಪ್ಪು ಕರಡಿಗೆಯನ್ನೆಲ್ಲ ನಮ್ಮದೆಂದು ಸಾಧಿಸಿದರೆ ಕನ್ನಡನಾಡಿನ ಕೀರ್ತಿ ಹೆಚ್ಚುವುದಿಲ್ಲ. 1956ರವರೆಗೆ ಬೀದರ ಹೈದರಾಬಾದ್ ರಾಜ್ಯದಲ್ಲಿತ್ತು. ಆ ವರ್ಷ ಮೈಸೂರು ರಾಜ್ಯವನ್ನು ಸೇರಿತು. ಕಸುಬಿನ ಪರಿಭಾಷೆಯಲ್ಲಿ ತಂತಿಯ ಕೆಲಸಕ್ಕೆ ತಾರ್‌ಕಶಿ, ತಗಡಿನ ಕೆಲಸಕ್ಕೆ ತೆಹ್‌ನಿಶಾನ್ ಎಂಬ ಪಾರಸಿ ಹೆಸರುಗಳು. ಎಷ್ಟೋ ಕಡೆಯಿಂದ ಬಂದದ್ದನ್ನು ಬೀದರದ ಮಣ್ಣು ಒಂದು ಮಾಡಿತು; ಅದೇ ಅದರ ಹಿರಿಮೆ. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. 2023ರಲ್ಲಿ ಬೀದರದ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಕಾದ್ರಿಯವರಿಗೆ ಪದ್ಮಶ್ರೀ ಸಂದಿತು.

ತಾಯಂದಿರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಕರಡಿಗೆಗೆ ಹುಳಿ, ಬೂದಿ, ಪಾಲಿಶ್ ಸೋಕಿಸಬೇಡಿರಿ. ಒಣಬಟ್ಟೆಯಿಂದ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಮನೆಯ ಅಜ್ಜಿ ಇನ್ನೂ ಇದ್ದರೆ, ಅದು ಯಾವ ಊರಿನಿಂದ, ಯಾರ ಮದುವೆಯಲ್ಲಿ, ಯಾರ ಕೈಯಿಂದ ಬಂದಿತೆಂದು ಕೇಳಿ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಒಳಗಿಡಿರಿ. ಲೋಹವನ್ನು ನಾಳೆಯೂ ಪರೀಕ್ಷಿಸಬಹುದು. ಅಜ್ಜಿಯ ನೆನಪನ್ನು ಇಂದೇ ಕೇಳಬೇಕು.